ಮೂರನೇ ದಿನ ಮತ್ತೆ ಅದೇ ಹಳ್ಳ: ಘಟ್ಟದ ಹುಡುಕಾಟವೊಂದರ ಪ್ರಕರಣ ಅಧ್ಯಯನ

ಪಶ್ಚಿಮ ಘಟ್ಟದ ಒಂದು ಚಾರಣದ ದಾರಿಯಲ್ಲಿ ಭಾನುವಾರ ಕಾಣೆಯಾದ ಯುವಕ ಮಂಗಳವಾರ ಮಧ್ಯಾಹ್ನ ಜೀವಂತವಾಗಿ ಸಿಕ್ಕಿದ. ಪತ್ರಿಕೆಗಳಿಗೆ ಸುದ್ದಿ ಅಷ್ಟೇ. ಹುಡುಕಲು ಹೋದವರಿಗೆ ಅದರೊಳಗೆ ಇನ್ನೊಂದು ಸುದ್ದಿ ಇತ್ತು: ಅವನು ಸಿಕ್ಕಿದ್ದು ಸೋಮವಾರ ಬೆಳಿಗ್ಗೆಯೇ ಹುಡುಕಿ ಮುಗಿಯಿತೆಂದು ನಕ್ಷೆಯಲ್ಲಿ ಹಸಿರು ಬಳಿದಿದ್ದ ಹಳ್ಳದಲ್ಲಿ. ಈ ಬರಹ ಇರುವುದು ಆ ಹಸಿರು ಬಣ್ಣದ ಬಗ್ಗೆ. ಬೆಟ್ಟದ ಹೆಸರು, ತಾಲ್ಲೂಕು, ಇಸವಿ ಬಿಟ್ಟಿದ್ದೇನೆ. ಜನರನ್ನು ಅವರ ಕೆಲಸದಿಂದ ಮಾತ್ರ ಕರೆದಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಬೆಟ್ಟ ಮತ್ತು ಜನ

ನಮ್ಮ ಕಡೆಯ ಎತ್ತರದ ಬೆಟ್ಟಗಳಿಗೆಲ್ಲ ಒಂದೇ ಸ್ವಭಾವ. ನೆತ್ತಿಯಲ್ಲಿ ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಎಂಬ ದಟ್ಟ ಕಾಡು, ಪ್ರತಿ ಮಡಿಕೆಯಲ್ಲೂ ಒಂದು ಹಳ್ಳ. ಮೇಲೆ ನಿಂತರೆ ಹತ್ತು ಮೈಲಿ ಕಾಣುತ್ತದೆ, ಕಾಡಿಗೆ ಇಳಿದರೆ ಹತ್ತು ಮಾರು ಕಾಣುವುದಿಲ್ಲ. ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಮಂಜು ಏರಿ ಹುಲ್ಲುಗಾವಲನ್ನೂ ನುಂಗುತ್ತದೆ, ಅದರ ಹಿಂದೆಯೇ ಗುಡುಗುಮಳೆ. ದಾರಿ ತಪ್ಪುವವರು ತಪ್ಪುವುದು ಹೆಚ್ಚಾಗಿ ಆ ಹೊತ್ತಿನಲ್ಲಿ.

ತಪ್ಪಿದವರು ಏನು ಮಾಡುತ್ತಾರೆ ಎಂಬುದೂ ಬಹುಮಟ್ಟಿಗೆ ಗೊತ್ತಿರುವ ಸಂಗತಿ. ಇಳಿಜಾರು ಹಿಡಿಯುತ್ತಾರೆ, ನೀರಿನ ಸದ್ದು ಕೇಳಿದರೆ ಅತ್ತ ಹೋಗುತ್ತಾರೆ. ಹಳ್ಳ ಹಿಡಿದು ನಡೆದರೆ ಊರು ಸಿಗುತ್ತದೆ ಎಂಬ ಮಾತನ್ನು ಎಲ್ಲರೂ ಎಲ್ಲೋ ಕೇಳಿರುತ್ತಾರೆ. ಬಯಲುಸೀಮೆಯಲ್ಲಿ ಅದು ಇರಬಹುದು. ಘಟ್ಟದ ಹಳ್ಳ ಊರಿಗೆ ಹೋಗುವ ಮೊದಲು ನಾಲ್ಕಾರು ಕಡೆ ಬಂಡೆಯಿಂದ ಧುಮುಕುತ್ತದೆ. ಮೊದಲ ಜಿಗಿತವನ್ನು ಹೇಗೋ ಜಾರಿಕೊಂಡು ಇಳಿದವನಿಗೆ ಎರಡನೆಯದರ ಮುಂದೆ ನಿಂತಾಗ ಕೆಳಗೂ ಇಳಿಯಲಾಗುವುದಿಲ್ಲ, ಹಿಂದಕ್ಕೂ ಹತ್ತಲಾಗುವುದಿಲ್ಲ.

ಇಂಥ ಹುಡುಕಾಟದ ಹೊಣೆ ಯಾರದು? ಕಾಣೆಯಾದವರ ದೂರು ಪೊಲೀಸರದು, ಕಾಡು ಅರಣ್ಯ ಇಲಾಖೆಯದು. ದೊಡ್ಡದಾದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಅಗ್ನಿಶಾಮಕ ದಳವಿದೆ, ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಪಡೆಗಳಿವೆ. ಆದರೆ ರಾತ್ರಿ ಹತ್ತು ಗಂಟೆಗೆ, ಜೀಪು ಮಾತ್ರ ಹತ್ತುವ ರಸ್ತೆಯ ತುದಿಯಲ್ಲಿ, ಮೊದಲು ಸಿಗುವವರು ಊರಿನವರೇ. ನಮ್ಮ ತಂಡವೂ ಅಂಥದ್ದು: ಜೀಪು ಚಾಲಕರು, ನಾಲ್ಕೈದು ಕಾಫಿ ಬೆಳೆಗಾರರು, ಒಬ್ಬ ಲೈನ್‌ಮನ್, ಔಷಧದ ಅಂಗಡಿಯವರು, ಪ್ರೌಢಶಾಲೆಯ ಶಿಕ್ಷಕಿ. ಇಬ್ಬರು ವಿಪತ್ತಿನ ಸ್ವಯಂಸೇವಕರಿಗಾಗಿ ಇರುವ ‘ಆಪದ ಮಿತ್ರ’ ಯೋಜನೆಯಲ್ಲಿ ತರಬೇತಿ ಪಡೆದವರು; ಹಗ್ಗದ ಕೆಲಸ ಬಲ್ಲವರು ಮೂವರು. ಸಹ್ಯಾದ್ರಿಯ ಮಹಾರಾಷ್ಟ್ರದ ಕಡೆ, ಲೋಣಾವಳದ ‘ಶಿವದುರ್ಗ ಮಿತ್ರ’ದಂತಹ ತಂಡಗಳು ಇದೇ ಕೆಲಸವನ್ನು ಹೆಚ್ಚು ಅನುಭವದಿಂದ ಮಾಡುತ್ತವೆ. ನಮ್ಮದು ಅಷ್ಟು ಪಳಗಿದ್ದಲ್ಲ. ನನ್ನ ಪಾಲಿನ ಕೆಲಸ ಮೇಜಿನದು, ಅಂದರೆ ಯಾರು ಎಲ್ಲಿಗೆ ಹೋದರು, ಯಾವಾಗ ಬಂದರು, ಏನು ಕಂಡರು ಎಂಬುದನ್ನು ಬರೆದಿಡುವುದು.

ಮೊದಲ ರಾತ್ರಿ

ಬೆಂಗಳೂರಿನಿಂದ ಬಂದ ಆರು ಮಂದಿ ಸಹೋದ್ಯೋಗಿಗಳು. ಮಾರ್ಗದರ್ಶಿ ಇಲ್ಲ. ಸಂಜೆ ಆರಕ್ಕೆ ಕೆಳಗಿಳಿದಾಗ ಐದೇ ಮಂದಿ. ಕತ್ತಲಾಗುವವರೆಗೂ, ಕತ್ತಲಾದ ಮೇಲೂ ಮೊಬೈಲ್ ಬೆಳಕಿನಲ್ಲಿ ತಾವೇ ಹುಡುಕಿ, ಕೊನೆಗೆ 112ಕ್ಕೆ ಕರೆ ಮಾಡಿದರು. ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಬಂದು, ಅಲ್ಲಿಂದ ವಲಯ ಅರಣ್ಯಾಧಿಕಾರಿಗೂ ನಮಗೂ ಸುದ್ದಿ ಮುಟ್ಟುವಾಗ ಹತ್ತು ಗಂಟೆ.

ಆ ಹೊತ್ತಿಗೆ ಜೀಪು ನಿಲ್ದಾಣದಲ್ಲಿ ಮೂವತ್ತು ಜನ ಟಾರ್ಚು, ಕತ್ತಿ ಹಿಡಿದು ನಿಂತಿದ್ದರು. ಎಲ್ಲರಿಗೂ ಈಗಲೇ ಕಾಡಿಗೆ ನುಗ್ಗಬೇಕು. ಮಳೆ ಬಿಟ್ಟಿರಲಿಲ್ಲ. ಒಂಟಿ ಸಲಗವೊಂದು ಆ ವಾರವೇ ತೋಟದ ಬೇಲಿ ಮುರಿದಿತ್ತು. ವಲಯ ಅರಣ್ಯಾಧಿಕಾರಿ, ಸಬ್‌ಇನ್‌ಸ್ಪೆಕ್ಟರ್ ಮತ್ತು ನಮ್ಮ ತಂಡದ ಹಿರಿಯ ಬೆಳೆಗಾರರು ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿ ಮಾಡಿದ ತೀರ್ಮಾನ ಆ ಮೂವತ್ತು ಜನರಿಗೆ ರುಚಿಸಲಿಲ್ಲ. ನಾಲ್ಕು ಜನರ ಒಂದೇ ತಂಡ, ಅರಣ್ಯ ವೀಕ್ಷಕನೊಂದಿಗೆ, ಮುಖ್ಯ ದಾರಿಯಲ್ಲಿ ಮಾತ್ರ ಮೇಲಕ್ಕೆ ಹೋಗಿ ಬರಬೇಕು; ದಾರಿ ಬಿಟ್ಟು ಒಂದು ಹೆಜ್ಜೆಯೂ ಇಳಿಯಕೂಡದು. ಉಳಿದವರು ಕಾಡಿನ ಅಂಚಿಗೆ ತಾಗುವ ಎರಡು ತೋಟದ ರಸ್ತೆಗಳ ತುದಿಯಲ್ಲಿ ಜೀಪಿನ ದೀಪ ಉರಿಸಿಕೊಂಡು, ಕಾಲು ಗಂಟೆಗೊಮ್ಮೆ ಹಾರ್ನ್ ಹೊಡೆಯುತ್ತ ಕಾಯಬೇಕು.

ಕಾಯುವುದನ್ನು ಯಾರೂ ಹುಡುಕಾಟವೆಂದು ಒಪ್ಪುವುದಿಲ್ಲ. ಆದರೆ ಲೆಕ್ಕ ನೋಡಿ. ಕಾಣೆಯಾದವನು ಕೊನೆಗೆ ಕಂಡ ಜಾಗದಿಂದ ಮೂರು ಕಿಲೋಮೀಟರ್ ಒಳಗಿದ್ದಾನೆಂದರೆ ಹುಡುಕಬೇಕಾದದ್ದು ಸುಮಾರು 28 ಚದರ ಕಿಲೋಮೀಟರ್. ಅವನು ನಡೆಯುತ್ತ ಹೋಗಿ ಆ ದೂರ ಆರಾದರೆ 113. ದೂರ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟು. ಅವನು ಎಲ್ಲಿಂದ ಹೊರಬೀಳಬಹುದೋ ಅಲ್ಲೆಲ್ಲ ಕಾವಲು ಹಾಕಿದರೆ ಜಾಗ ಬೆಳೆಯುವುದು ನಿಲ್ಲುತ್ತದೆ, ಬೆಳಕು ಹಾರ್ನುಗಳಿಂದ ಅವನೇ ನಮ್ಮನ್ನು ಹುಡುಕಿಕೊಳ್ಳಲೂ ಬಹುದು. ನನಗೆ ಇಂದಿಗೂ ಆ ರಾತ್ರಿಯ ತೀರ್ಮಾನ ಸರಿಯೆಂದೇ ಅನ್ನಿಸುತ್ತದೆ. ಹಾರ್ನ್ ಸದ್ದು ಅವನಿಗೆ ಕೇಳಿಸಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕೇಳಿಸದೇ ಇದ್ದ ಕಾರಣವೇ ಮುಂದೆ ಮುಖ್ಯವಾಯಿತು.

ಹಸಿರು ಬಳಿದ ಹಳ್ಳ

ಸೋಮವಾರ ಬೆಳಿಗ್ಗೆ ಆರಕ್ಕೆ ನಕ್ಷೆಯನ್ನು ಐದು ತುಂಡು ಮಾಡಿದೆವು. ಗೆರೆ ಎಳೆದದ್ದು ಕಾಡಿನವನಿಗೆ ಗೊತ್ತಾಗುವ ಗಡಿಗಳ ಮೇಲೆ, ಅಂದರೆ ಹಳ್ಳ, ಏಣು (ಬೆಟ್ಟದ ಬೆನ್ನು), ಆನೆ ಕಂದಕ, ತೋಟದ ಬೇಲಿ. ಚೌಕ ಹಾಕಿದ ನಕ್ಷೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಕಾಡಿನಲ್ಲಿ ಅದರ ಅಂಚು ಯಾರಿಗೂ ಕಾಣುವುದಿಲ್ಲ.

ಸ್ನೇಹಿತರ ಹೇಳಿಕೆಯಂತೆ ಅವನು ಕೊನೆಗೆ ಕಂಡದ್ದು ಸಂಜೆ ನಾಲ್ಕೂವರೆಗೆ, ದಾರಿಯ ಮಧ್ಯದ ಒಂದು ದೊಡ್ಡ ಬಂಡೆಯ ಬಳಿ. ಆದ್ದರಿಂದ ಆ ಬಂಡೆಯ ಪಶ್ಚಿಮದ ಶೋಲಾಕ್ಕೆ ಹೆಚ್ಚು ಜನ ಹೋದರು. ದೊಡ್ಡ ಹಳ್ಳ ಅಲ್ಲಿಂದ ಒಂದೂವರೆ ಕಿಲೋಮೀಟರ್ ದಕ್ಷಿಣಕ್ಕಿದೆ. ಅಲ್ಲಿಗೆ ಐವರ ತಂಡವೊಂದು ಹೋಗಿ, ಹತ್ತೂವರೆಗೆ ಮರಳಿ, ವೈರ್‌ಲೆಸ್‌ನಲ್ಲಿ ಒಂದೇ ಸಾಲು ಹೇಳಿತು: “ಹಳ್ಳ ನೋಡಿ ಆಯಿತು, ಏನೂ ಇಲ್ಲ.” ಮೇಜಿನಲ್ಲಿ ಹಸಿರು ಬಳಿದೆವು. ಹಾಗೆ ಬಳಿಯುವುದು ಆಗಿನ ಪದ್ಧತಿ. ಹುಡುಕಿದ್ದಕ್ಕೆ ಹಸಿರು, ಹುಡುಕುತ್ತಿರುವುದಕ್ಕೆ ಹಳದಿ, ಉಳಿದದ್ದು ಬಿಳಿ. ಎಷ್ಟು ಹುಡುಕಿದ್ದೆಂದು ಹೇಳುವ ಬಣ್ಣ ಇರಲಿಲ್ಲ.

ಮೊಬೈಲ್ ಗೋಪುರದ ಮಾಹಿತಿಯನ್ನು ಪೊಲೀಸರು ತರಿಸಿದರು. ಅದನ್ನು ಪೊಲೀಸರೇ ಕೇಳಬೇಕು, ಸ್ವಯಂಸೇವಕರಿಗೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಫೋನು ಕೊನೆಗೆ ದಕ್ಷಿಣದ ತೋಟದ ಕಡೆಯ ಗೋಪುರಕ್ಕೆ ಸಿಕ್ಕಿತ್ತು. ಗೋಪುರ ಹೇಳುವುದು ದಿಕ್ಕನ್ನು, ಅಂದಾಜು ದೂರವನ್ನು. ಗುಡ್ಡಗಾಡಿನಲ್ಲಿ ಏಣಿನ ಮೇಲೆ ನಿಂತವನ ಫೋನು ಬಹಳ ದೂರದ ಗೋಪುರವನ್ನೂ ಹಿಡಿಯಬಲ್ಲದು. ಹೀಗಾಗಿ ಸ್ನೇಹಿತರ ಹೇಳಿಕೆಗೂ ಗೋಪುರಕ್ಕೂ ತಾಳೆಯಾಗದಿದ್ದರೂ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಪೊಲೀಸ್ ನಾಯಿ ಬಂತು. ರಾತ್ರಿಯ ಮಳೆ, ಅದರ ಮೇಲೆ ಅಷ್ಟು ಜನರ ಹೆಜ್ಜೆ, ಕವಲುದಾರಿಯಲ್ಲಿ ಸುತ್ತು ಹೊಡೆದು ನಿಂತುಬಿಟ್ಟಿತು. ಡ್ರೋನ್ ಹುಲ್ಲುಗಾವಲನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿತು, ಶೋಲಾದ ಮೇಲೆ ಅದಕ್ಕೆ ಕಂಡದ್ದು ಎಲೆ ಮಾತ್ರ. ಶಾಖ ಗುರುತಿಸುವ ಕ್ಯಾಮೆರಾ ಇದ್ದರೂ ಅಷ್ಟು ದಟ್ಟ ಎಲೆಯ ಹೊದಿಕೆಯಡಿ ಮಲಗಿದವನು ಕಾಣುವುದು ಕಷ್ಟ.

ಜನ ಬಂದರು

ಮಧ್ಯಾಹ್ನದ ಹೊತ್ತಿಗೆ ಅವನ ಭಾವಚಿತ್ರ ಎಲ್ಲರ ಮೊಬೈಲ್‌ನಲ್ಲಿತ್ತು. ಅದರ ಕೆಳಗೆ ನಮ್ಮ ಸಂಯೋಜಕರ ಫೋನ್ ಸಂಖ್ಯೆಯೂ ಇತ್ತು, ಯಾರು ಹಾಕಿದರೋ. ಆ ಫೋನು ಅಂದು ಕೆಲಸಕ್ಕೆ ಬಾರದಂತಾಯಿತು. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕಾರು, ಬೈಕುಗಳಲ್ಲಿ ಜನ ಬಂದರು. ಒಳ್ಳೆಯ ಮನಸ್ಸಿನವರೇ, ಸಂಶಯವಿಲ್ಲ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗಲೂ, 2024ರ ಜುಲೈನಲ್ಲಿ ಶಿರೂರಿನಲ್ಲಿ ಕುಸಿದಾಗಲೂ ಊರೂರಿಂದ ಬಂದವರು ಎಷ್ಟೋ ಕೆಲಸ ಮಾಡಿದ್ದನ್ನು ನಾವೆಲ್ಲ ಕಂಡವರು. ಆದರೆ ಚಪ್ಪಲಿಯಲ್ಲಿ ಬಂದವನನ್ನು ಶೋಲಾಕ್ಕೆ ಕಳಿಸುವಂತಿಲ್ಲ.

ಶಾಲೆಯ ಜಗಲಿಯಲ್ಲಿ ನೋಂದಣಿಯ ಮೇಜು ಹಾಕಿದೆವು. ಹೆಸರು, ಫೋನು, ರಕ್ತದ ಗುಂಪು, ಮನೆಯವರ ಸಂಖ್ಯೆ, ಕಾಲಲ್ಲಿ ಏನಿದೆ, ಹಗ್ಗ ಗೊತ್ತೇ, ಪ್ರಥಮ ಚಿಕಿತ್ಸೆ ಗೊತ್ತೇ. ನೂರ ನಲವತ್ತು ಜನ ಬರೆಸಿದರು. ಕಾಡಿಗೆ ಹೋದದ್ದು ಮೂವತ್ತೆರಡು. ಉಳಿದವರಲ್ಲಿ ಕೆಲವರನ್ನು ರಸ್ತೆ ಕಾವಲಿಗೆ, ಕೆಲವರನ್ನು ಅಡುಗೆಗೆ ಹಚ್ಚಿ, ಗಟ್ಟಿಮುಟ್ಟಾದ ನಲವತ್ತು ಜನರಿಗೆ ಸಂಯೋಜಕರು ಹೇಳಿದ್ದು ಒಂದೇ: ಊಟ ಮಾಡಿ ಮಲಗಿ. ಅವರಲ್ಲಿ ಕೆಲವರು ಕೆರಳಿದರು. “ನಾವು ಮುನ್ನೂರು ಕಿಲೋಮೀಟರ್ ಬಂದದ್ದು ನಿದ್ದೆ ಮಾಡಲಿಕ್ಕಾ ಸರ್?” ಎಂದು ಒಬ್ಬರು ಕೇಳಿದರು. ಸಂಯೋಜಕರು, “ಹೌದು, ಸದ್ಯಕ್ಕೆ ನಿದ್ದೆ ಮಾಡುವುದೇ ನಿಮ್ಮ ಕೆಲಸ” ಎಂದರು. ಹೀಗೆ ಮುಖಕ್ಕೆ ಹೊಡೆದಂತೆ ಹೇಳಿದ್ದಕ್ಕೆ ಆಗ ನನಗೂ ಕಸಿವಿಸಿಯಾಯಿತು.

ಮೇಜಿಗೆ ಬಾರದೆ ನೇರ ಕಾಡಿಗಿಳಿದ ಇಬ್ಬರು ಆ ದಿನದ ದೊಡ್ಡ ನಷ್ಟಕ್ಕೆ ಕಾರಣರಾದರು. ಎರಡು ಗಂಟೆ ಸುಮಾರಿಗೆ ಪಶ್ಚಿಮದ ತಂಡಕ್ಕೆ ದೂರದಿಂದ ಸೀಟಿ ಕೇಳಿಸಿತು. ಕೂ ಹಾಕಿದರು, ಉತ್ತರ ಬಂತು. ಮೂರು ತಂಡಗಳನ್ನು ಅತ್ತ ತಿರುಗಿಸಿದೆವು. ಹೋಗಿ ನೋಡಿದರೆ ಆ ಇಬ್ಬರೇ ಸೀಟಿ ಊದುತ್ತ, ನಮ್ಮ ಕೂಗಿಗೆ ಉತ್ತರ ಕೊಡುತ್ತ, ಕಾಣೆಯಾದವನು ಸಿಕ್ಕೇಬಿಟ್ಟನೆಂದು ನಮ್ಮತ್ತ ಓಡಿ ಬರುತ್ತಿದ್ದರು. ಬೆಳಕಿದ್ದ ಎರಡು ಗಂಟೆ ಅದರಲ್ಲಿ ಹೋಯಿತು.

ಆಮೇಲೆ ಸದ್ದಿಗೊಂದು ಶಿಸ್ತು ಬಂತು. ಎಲ್ಲ ತಂಡಗಳೂ ಗಡಿಯಾರ ನೋಡಿಕೊಂಡು ಅರ್ಧ ಗಂಟೆಗೊಮ್ಮೆ ಒಟ್ಟಿಗೆ ಕೂಗುವುದು, ನಂತರ ಮೂರು ನಿಮಿಷ ಉಸಿರು ಬಿಗಿಹಿಡಿದು ಕೇಳುವುದು. ಆ ಮೂರು ನಿಮಿಷದಲ್ಲಿ ಬರುವ ಸದ್ದು ಮಾತ್ರ ನಮ್ಮದಲ್ಲದ್ದು. ಬೆಟ್ಟಗಳಲ್ಲಿ ಹಲವೆಡೆ ಒಪ್ಪಿರುವ ಸಂಜ್ಞೆಯೊಂದಿದೆ: ಕಷ್ಟದಲ್ಲಿರುವವರು ನಿಮಿಷಕ್ಕೆ ಆರು ಸಲ ಸೀಟಿ ಊದಿ ಒಂದು ನಿಮಿಷ ಬಿಡಬೇಕು, ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸಬೇಕು. ಅದು ಗೊತ್ತಿದ್ದರೆ ಮಧ್ಯಾಹ್ನದ ಗೊಂದಲ ಎರಡೇ ನಿಮಿಷದಲ್ಲಿ ಬಗೆಹರಿಯುತ್ತಿತ್ತು.

ಮನೆಯವರ ವಿಷಯವನ್ನೂ ಇಲ್ಲೇ ಹೇಳಬೇಕು. ತಂದೆ ಮತ್ತು ಭಾವ ಬಂದಿದ್ದರು. ಊರಿನಲ್ಲಿ ಯಾರೋ ಪ್ರಶ್ನೆ ಕೇಳಿಸಿ, ಹುಡುಗ ಪೂರ್ವ ದಿಕ್ಕಿನಲ್ಲಿ ಮರದ ಕೆಳಗಿದ್ದಾನೆ ಎಂಬ ಉತ್ತರ ತಂದಿದ್ದರು. “ಪೂರ್ವಕ್ಕೆ ಯಾಕೆ ಯಾರೂ ಹೋಗಿಲ್ಲ?” ಎಂದು ಭಾವ ಮೇಜು ತಟ್ಟಿ ಕೇಳಿದರು. ನಗುವುದು ಸುಲಭ, ವಾದಿಸುವುದು ಇನ್ನೂ ಸುಲಭ. ಹಿರಿಯ ಬೆಳೆಗಾರರು ಅದನ್ನು ಉಳಿದ ಮಾಹಿತಿಯ ಜೊತೆಯಲ್ಲೇ ಬರೆಸಿಕೊಂಡರು. ಪೂರ್ವದ ರಸ್ತೆಗೆ ಹೇಗೂ ಒಂದು ಕಾವಲು ಬೇಕಿತ್ತು. ಅದಕ್ಕೆ ಇಬ್ಬರನ್ನು ಕಳಿಸಿ, “ಹೋಗಿದ್ದಾರೆ, ನೋಡಿ” ಎಂದು ನಕ್ಷೆಯಲ್ಲಿ ತೋರಿಸಿದರು. ಆ ಮೇಲೆ ಮನೆಯವರ ಜೊತೆ ಇರಲು ಒಬ್ಬರನ್ನೇ ಗೊತ್ತುಪಡಿಸಲಾಯಿತು, ಎರಡು ಗಂಟೆಗೊಮ್ಮೆ ಸುದ್ದಿ ಇರಲಿ ಇಲ್ಲದಿರಲಿ ಹೇಳಬೇಕೆಂದು. ಭಾವ ಮತ್ತೆ ಮೇಜಿನ ಹತ್ತಿರ ಬರಲಿಲ್ಲ.

ಶಿಕ್ಷಕಿ ಕೇಳಿಕೊಂಡ ಮಾತು

ಸೋಮವಾರ ಸಂಜೆಗೆ ನಕ್ಷೆಯ ಬಹುಭಾಗ ಹಸಿರು. ಇನ್ನು ಹುಡುಕಾಟದ ವ್ಯಾಪ್ತಿಯನ್ನು ಹಿಗ್ಗಿಸುವುದು ಎಂಬ ಮಾತು ಶುರುವಾಗಿತ್ತು. ಅಷ್ಟರಲ್ಲಿ ತಂಡದ ಶಿಕ್ಷಕಿ ಒಂದು ಕೆಲಸ ಮಾಡಿದರು. ಐವರು ಸ್ನೇಹಿತರನ್ನು ಒಬ್ಬೊಬ್ಬರನ್ನಾಗಿ, ಠಾಣೆಯವರ ಎದುರಿಗಲ್ಲದೆ ಶಾಲೆಯ ಅಡುಗೆಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ಸಬ್‌ಇನ್‌ಸ್ಪೆಕ್ಟರ್ ಒಪ್ಪಿಗೆ ಕೊಟ್ಟಿದ್ದರು. ಅದು ಅವರ ದೊಡ್ಡತನ. ತಪ್ಪು ಯಾರದೆಂದು ಶಿಕ್ಷಕಿ ಕೇಳಲಿಲ್ಲ. ಅವನ ಕಾಲಲ್ಲಿ ಯಾವ ಬೂಟಿತ್ತು, ಚೀಲದಲ್ಲಿ ಏನಿತ್ತು, ಕತ್ತಲೆಂದರೆ ಭಯವೇ, ಸಿಟ್ಟು ಬಂದರೆ ಏನು ಮಾಡುತ್ತಾನೆ ಎಂದು ಕೇಳಿದರು.

ಸಿಟ್ಟಿನ ಪ್ರಶ್ನೆಗೆ ನಾಲ್ಕನೆಯ ಹುಡುಗ ಅತ್ತುಬಿಟ್ಟ. ನಾಲ್ಕೂವರೆಯ ಕಥೆ ಸುಳ್ಳು. ಅನುಮತಿ ಇಲ್ಲದೆ ಕಾಡಿಗೆ ಬಂದಿದ್ದರು, ಮೇಲೆ ಕುಡಿದಿದ್ದರು, ಅದರ ಮೇಲೆ ಜಗಳವಾಗಿತ್ತು. ಅವನು ಮೂರು ಗಂಟೆಗೇ, ಬಂಡೆಗಿಂತ ಬಹಳ ಮೇಲಿನ ದಕ್ಷಿಣದ ಏಣಿನಿಂದ, ತಾನೊಬ್ಬನೇ ಇಳಿಯುತ್ತೇನೆಂದು ಹೋಗಿದ್ದ. ಕೇಸು ಆದೀತೆಂಬ ಹೆದರಿಕೆಗೆ ಐವರೂ ಒಂದೇ ಮಾತು ಕಟ್ಟಿಕೊಂಡಿದ್ದರು.

ಇದರಿಂದ ಎರಡು ಬದಲಾದವು. ಕೊನೆಗೆ ಕಂಡ ಜಾಗ ಒಂದೂವರೆ ಕಿಲೋಮೀಟರ್ ಸರಿಯಿತು. ಕತ್ತಲಾಗುವ ಮುಂಚೆ ಅವನಿಗೆ ನಡೆಯಲು ಸಿಕ್ಕ ಹೊತ್ತು ಒಂದೂಮುಕ್ಕಾಲು ಗಂಟೆಯಿಂದ ಮೂರೂಕಾಲು ಗಂಟೆಗೆ ಏರಿತು. ಗೋಪುರದ ಮಾಹಿತಿಯೂ ಈಗ ತಾಳೆಯಾಯಿತು. ಆ ಏಣಿನಿಂದ ಮಂಜಿನಲ್ಲಿ ಇಳಿದವನು ಎಲ್ಲಿಗೆ ಬರುತ್ತಾನೆ? ಅರಣ್ಯ ವೀಕ್ಷಕ ಬೆರಳಿಟ್ಟದ್ದು ದೊಡ್ಡ ಹಳ್ಳದ ಮೇಲೆ. ಅದು ಹಸಿರಾಗಿತ್ತು.

ರಾತ್ರಿಯ ಲೆಕ್ಕ

ಹುಡುಕುವುದಕ್ಕೂ ಒಂದು ಗಣಿತವಿದೆ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಜಲಾಂತರ್ಗಾಮಿಗಳನ್ನು ಹುಡುಕಲು ಅಮೆರಿಕದ ನೌಕಾಪಡೆಗಾಗಿ ಗಣಿತಜ್ಞ ಬರ್ನಾರ್ಡ್ ಕೂಪ್‌ಮನ್ ಮತ್ತು ಸಂಗಡಿಗರು ಅದನ್ನು ಬೆಳೆಸಿದರು; ಕಾಡಿನಲ್ಲಿ ಮನುಷ್ಯರನ್ನು ಹುಡುಕುವವರು ಅದನ್ನು ಆಮೇಲೆ ತಮ್ಮದಾಗಿಸಿಕೊಂಡರು. ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಬೇಕು. ಅವನು ಈ ತುಂಡಿನಲ್ಲಿ ಇರುವ ಸಂಭವ ಎಷ್ಟು? ಇದ್ದಿದ್ದರೆ ಹೋದ ತಂಡಕ್ಕೆ ಕಾಣುವ ಸಂಭವ ಎಷ್ಟು? ಎರಡನೆಯ ಪ್ರಶ್ನೆಯನ್ನು ನಾವು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ರಾತ್ರಿ ಒಂಬತ್ತಕ್ಕೆ ಐವರು ಕುಳಿತರು: ವೀಕ್ಷಕ, ಉಪ ವಲಯ ಅರಣ್ಯಾಧಿಕಾರಿ, ಹಿರಿಯ ಬೆಳೆಗಾರರು, ಸಂಯೋಜಕರು, ಶಿಕ್ಷಕಿ. ಹೊಸ ಮಾಹಿತಿಯ ಮೇಲೆ, ಒಬ್ಬರದನ್ನು ಒಬ್ಬರು ನೋಡದೆ, ಐದು ತುಂಡುಗಳಿಗೆ ನೂರರಲ್ಲಿ ಅಂಕ ಹಂಚಿದರು. ಸರಾಸರಿಯಲ್ಲಿ ದೊಡ್ಡ ಹಳ್ಳಕ್ಕೆ 40 ಬಂತು. ಉಳಿದವು 18, 17, 15, 10. ಗುಟ್ಟಾಗಿ ಬರೆಸುವುದೇಕೆಂದರೆ, ಬಾಯಲ್ಲಿ ಕೇಳಿದರೆ ಅಧಿಕಾರಿ ಹೇಳಿದ ಸಂಖ್ಯೆಯನ್ನೇ ಎಲ್ಲರೂ ಹೇಳುತ್ತಾರೆ.

ಆಮೇಲೆ ಬೆಳಿಗ್ಗೆ ಹಳ್ಳಕ್ಕೆ ಹೋಗಿದ್ದ ಐವರಲ್ಲಿ ಇಬ್ಬರನ್ನು ಎಬ್ಬಿಸಿ ಕರೆತಂದು, ಹಳ್ಳದ ನಡುವಿನ ಅಬ್ಬಿಯ (ಜಲಪಾತದ) ಬಗ್ಗೆ ಕೇಳಿದೆವು.

“ಅಬ್ಬಿಯ ತನಕ ಹೋದಿರಾ?”

“ಹೋದೆವು ಸರ್. ಅಬ್ಬಿಯ ತಲೆಯ ತನಕ.”

“ಕೆಳಗೆ ಇಳಿದಿರಾ?”

“ಅಲ್ಲಿ ಇಳಿಯಲು ಬರುವುದಿಲ್ಲ. ಮೇಲಿನಿಂದ ಬಗ್ಗಿ ನೋಡಿದೆವು, ಕೂ ಹಾಕಿದೆವು. ಉತ್ತರ ಬರಲಿಲ್ಲ.”

“ನೀರಿನ ಸದ್ದಿನಲ್ಲಿ ಕೂಗು ಕೇಳಿಸುವ ಹಾಗಿತ್ತಾ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪಕ್ಕದಲ್ಲಿ ನಿಂತವರ ಮಾತೇ ಕೇಳುತ್ತಿರಲಿಲ್ಲ ಎಂದರು.

ಅವರು ಸುಳ್ಳು ಹೇಳಿರಲಿಲ್ಲ. ಹಳ್ಳದ ಮೇಲಿನ ಅರ್ಧವನ್ನು ಕಲ್ಲು ಕಲ್ಲು ನೋಡಿದ್ದರು. ಕೆಳಗಿನ ಅರ್ಧವನ್ನು ಯಾರೂ ನೋಡಿರಲಿಲ್ಲ, ಮತ್ತು ಇಡೀ ಹಳ್ಳ ಹಸಿರಾಗಿತ್ತು. ಈಗ ಲೆಕ್ಕ ಹಾಕಿ. ತಂಡಕ್ಕೆ ಕಾಣುವ ಸಂಭವ ನೂರಕ್ಕೆ ತೊಂಬತ್ತು ಇದ್ದಿದ್ದರೆ, ಹುಡುಕಿ ಸಿಗದ ಮೇಲೆ ಹಳ್ಳದ 40ರಲ್ಲಿ ಉಳಿಯುವುದು 4. ಉಳಿದವುಗಳ 60 ಸೇರಿ ಒಟ್ಟು 64, ಅದರಲ್ಲಿ ಹಳ್ಳದ ಪಾಲು ನೂರಕ್ಕೆ ಆರು. ಮರೆತುಬಿಡಬಹುದು. ಕಾಣುವ ಸಂಭವ ಐವತ್ತೇ ಎಂದಾದರೆ ಉಳಿಯುವುದು 20. ಒಟ್ಟು 80, ಪಾಲು ನೂರಕ್ಕೆ ಇಪ್ಪತ್ತೈದು. ಉಳಿದ ತುಂಡುಗಳನ್ನೂ ಅಷ್ಟಿಷ್ಟು ಹುಡುಕಿ ಆಗಿದ್ದರಿಂದ ಅವುಗಳ ಪಾಲು ಇಳಿದು, ಇದರ ಪಾಲು ಇನ್ನೂ ಮೇಲೇರಿತು. ಆರೋ ಇಪ್ಪತ್ತೈದೋ ಎಂಬುದು ನಿಂತದ್ದು ನಿದ್ದೆಗಣ್ಣಿನ ಇಬ್ಬರು ಕೊಟ್ಟ ಉತ್ತರದ ಮೇಲೆ.

ಹುಡುಕಾಟ ಹಿಗ್ಗಿಸುವ ಯೋಜನೆಯನ್ನು ಅಲ್ಲಿಗೆ ಕೈಬಿಟ್ಟರು. ಮಂಗಳವಾರ ಮತ್ತೆ ಹಳ್ಳಕ್ಕೇ ಹೋಗುವುದು. ಮೇಲಧಿಕಾರಿಯೊಬ್ಬರು ಫೋನಿನಲ್ಲಿ, “ಹುಡುಕಿದ ಜಾಗವನ್ನೇ ಮತ್ತೆ ಹುಡುಕುತ್ತೀರಾ?” ಎಂದು ಗದರಿದ್ದು ಮೇಜಿನವರೆಗೂ ಕೇಳಿಸಿತು. ಉಪ ವಲಯ ಅರಣ್ಯಾಧಿಕಾರಿ ಆ ಲೆಕ್ಕದ ಹಾಳೆಯನ್ನೇ ಓದಿ ಹೇಳಿದರು. ಕೇಳುತ್ತಿದ್ದವರಿಗೆ ಗಣಿತ ಎಷ್ಟು ಹಿಡಿಸಿತೋ, ಹಾಳೆ ಇದೆ ಎಂಬುದಂತೂ ಹಿಡಿಸಿತು.

ಏಲಕ್ಕಿ ದಾರಿ

ಅಬ್ಬಿಯ ತಲೆಯಿಂದ ಹಗ್ಗ ಬಿಟ್ಟು ಇಳಿಯಬಹುದಿತ್ತು. ಹಗ್ಗದವರು ತಯಾರಿದ್ದರು. ಆದರೆ ಪಾಚಿ ಕಟ್ಟಿದ ಬಂಡೆ, ಮಳೆಗೆ ಏರಿದ ನೀರು, ಕೆಳಗೆ ಏನಿದೆಯೆಂದು ತಿಳಿಯದು. ಇಳಿದವರು ಮತ್ತೆ ಅದೇ ದಾರಿಯಲ್ಲಿ ಹತ್ತಿ ಬರಬೇಕು. ದಕ್ಷಿಣದ ತೋಟದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಒಬ್ಬ ಹಿರಿಯ ಕಾರ್ಮಿಕರನ್ನು ಕರೆತಂದರು. ಅವರು ಹುಡುಗನಾಗಿದ್ದಾಗ ಅಬ್ಬಿಯ ಕೆಳಗೆ ಏಲಕ್ಕಿ ಮಲೆಯಿತ್ತಂತೆ. ಕಟ್ಟೆ ರೋಗ ಬಂದು ಏಲಕ್ಕಿ ಹಾಳಾದ ಮೇಲೆ ಆ ಕಡೆ ಯಾರೂ ಹೋಗಲಿಲ್ಲ, ದಾರಿ ಮುಚ್ಚಿತು. “ದಾರಿ ಮುಚ್ಚಿದೆ ಸ್ವಾಮಿ, ಆದರೆ ಮಣ್ಣು ಕಡಿದ ಗುರುತು ಎಲ್ಲಿ ಹೋಗುತ್ತದೆ? ಕತ್ತಿ ಕೊಡಿ, ತೋರಿಸುತ್ತೇನೆ” ಎಂದರು. ಆ ದಾರಿ ಯಾವ ನಕ್ಷೆಯಲ್ಲೂ ಇರಲಿಲ್ಲ. ಅವರನ್ನು ಸೋಮವಾರ ಯಾರೂ ಕೇಳಿರಲಿಲ್ಲ, ಏಕೆಂದರೆ ಅವರು ಸೋಮವಾರ ಕೂಲಿಗೆ ಹೋಗಿದ್ದರು.

ಏಳು ಗಂಟೆಗೆ ಆರು ಜನ ಕೆಳಗಿನಿಂದ ಹತ್ತತೊಡಗಿದರು: ಕಾರ್ಮಿಕರು, ವೀಕ್ಷಕ, ಹಗ್ಗದ ಇಬ್ಬರು, ಔಷಧದ ಅಂಗಡಿಯವರು, ವೈರ್‌ಲೆಸ್ ಹಿಡಿದ ಒಬ್ಬ. ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡಿದ್ದರೂ ಉಂಬಳಗಳು (ಜಿಗಣೆಗಳು) ಬಿಡಲಿಲ್ಲ. ಎರಡು ಕಡೆ ದಾರಿ ಕುಸಿದಿತ್ತು, ಒಂದೊಂದಕ್ಕೂ ಒಂದು ಗಂಟೆ ಹಿಡಿಯಿತು. ಒಂದೂವರೆ ಸುಮಾರಿಗೆ ಅಬ್ಬಿಯ ಬುಡದಿಂದ ನೂರು ಮೀಟರ್ ಕೆಳಗೆ, ಬಂಡೆಯ ಪೊಟರೆಯಲ್ಲಿ ನೀಲಿ ಚೀಲ ಕಾಣಿಸಿತು. ಅದರ ಹಿಂದೆ ಅವನು. ಕಣ್ಣು ತೆರೆದಿದ್ದ. ಬಲಗಾಲಿನ ಕಣಕಾಲು ಮುರಿದು ಊದಿತ್ತು. ಭಾನುವಾರ ಸಂಜೆ ಅಬ್ಬಿಯ ಪಕ್ಕದ ಬಂಡೆಯಿಂದ ಜಾರಿ, ಮಧ್ಯದ ಪೊದೆ ತಡೆದು, ಕೆಳಗೆ ಬಿದ್ದಿದ್ದ. ಸೋಮವಾರ ಬೆಳಿಗ್ಗೆ ಮೇಲೆ ಜನ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಎರಡು ದಿನ ಅವನ ಕಿವಿಯಲ್ಲಿ ಇದ್ದದ್ದು ನೀರೊಂದೇ.

ಒದ್ದೆ ಬಟ್ಟೆಯಲ್ಲಿ ಎರಡು ರಾತ್ರಿ ಗಾಳಿಗೆ ಮೈಯೊಡ್ಡಿದವನಿಗೆ ಹಿಮ ಬೀಳುವ ಊರೇ ಬೇಕೆಂದಿಲ್ಲ, ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿಯಲು ಮಲೆನಾಡಿನ ಅಕ್ಟೋಬರ್ ಸಾಕು. ಮಾತು ತೊದಲುತ್ತಿತ್ತು, ನಡುಕ ಕಡಿಮೆಯಾಗಿತ್ತು. ನಡುಕ ನಿಂತರೆ ಸುಧಾರಿಸಿತೆಂದು ತಿಳಿಯಬಾರದು, ಅದು ಕೆಟ್ಟ ಸೂಚನೆ. ಔಷಧದ ಅಂಗಡಿಯವರು ಮೊದಲು ಕತ್ತು ಅಲುಗದಂತೆ ಹಿಡಿಸಿ, ಮಲಗಿದ್ದಂತೆಯೇ ಒದ್ದೆ ಬಟ್ಟೆ ಕತ್ತರಿಸಿ ತೆಗೆದು, ಒಣ ಕಂಬಳಿಯಲ್ಲಿ ಸುತ್ತಿ, ಕೆಳಗೂ ಮೇಲೂ ಪ್ಲಾಸ್ಟಿಕ್ ಹಾಳೆ ಹಾಸಿದರು. ಕಾಲಿಗೆ ಪಟ್ಟಿ ಕಟ್ಟಿದರು. ಕೈಕಾಲು ತಿಕ್ಕಲು ಹೋದವರನ್ನು ತಡೆದರು. ಚಳಿಗೆ ಸೆಟೆದ ಮೈಯನ್ನು ತಿಕ್ಕುವುದು, ಒರಟಾಗಿ ಎತ್ತುವುದು ಎದೆಬಡಿತವನ್ನೇ ಕೆಡಿಸಬಲ್ಲದು. ಒಬ್ಬರು ಪ್ರೀತಿಯಿಂದ ಕೊಡಬಂದ ಬ್ರಾಂದಿಯನ್ನೂ ಬೇಡವೆಂದರು: ಅದು ಚರ್ಮವನ್ನು ಬಿಸಿ ಮಾಡಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ನುಂಗಬಲ್ಲನೆಂದು ಖಾತ್ರಿಯಾದ ಮೇಲೆ ಫ್ಲಾಸ್ಕಿನ ಸಿಹಿ ಕಾಫಿ, ಗುಟುಕು ಗುಟುಕಾಗಿ.

ಹೊತ್ತು ತರುವ ಕೆಲಸ

ಸಿಕ್ಕಿದ ಎಂಬ ಸುದ್ದಿಗೆ ಶಾಲೆಯ ಅಂಗಳದಲ್ಲಿ ಚಪ್ಪಾಳೆ ಬಿತ್ತು. ಸಂಯೋಜಕರು ಚಪ್ಪಾಳೆ ಮುಗಿಯಲು ಬಿಡದೆ ಹಿಂದಿನ ದಿನ ಮಲಗಿಸಿದ್ದ ನಲವತ್ತು ಜನರ ಪಟ್ಟಿ ತೆಗೆದರು. ಕುಸಿದ ದಾರಿಯಲ್ಲಿ ಒಬ್ಬನನ್ನು ಸ್ಟ್ರೆಚರ್‌ನಲ್ಲಿ ತರಲು ಒಂದು ಸರದಿಗೆ ಆರೆಂಟು ಜನ ಬೇಕು. ಅವರ ತೋಳು ಹೆಚ್ಚೆಂದರೆ ಹದಿನೈದು ಇಪ್ಪತ್ತು ನಿಮಿಷ ತಡೆಯುತ್ತದೆ. ಮುಂದೆ ಇಬ್ಬರು ದಾರಿ ಕಡಿಯಬೇಕು, ಇಬ್ಬರು ದೀಪ ಹಿಡಿಯಬೇಕು. ಹುಡುಕಿ ದಣಿದವರಿಂದ ಅದು ಆಗದು. ನಮ್ಮ ಹಳ್ಳಿಗಳಲ್ಲಿ ರಸ್ತೆ ಇಲ್ಲದ ಮನೆಗಳಿಂದ ರೋಗಿಗಳನ್ನು ಕಂಬಳಿಯ ಜೋಳಿಗೆ ಕಟ್ಟಿ ಹೊತ್ತು ತಂದವರಿಗೆ ಈ ಲೆಕ್ಕ ಬಾಯಿಪಾಠ. ಬೆಂಗಳೂರಿನ ಮೂವರು ಜಿಮ್ ಹುಡುಗರಿಗೆ ಮೊದಲ ಸರದಿಯಲ್ಲೇ ಅರ್ಥವಾಯಿತು. ನಿದ್ದೆಯ ಬಗ್ಗೆ ಜಗಳವಾಡಿದ್ದವರೂ ಅವರಲ್ಲಿದ್ದರು. ನಡುದಾರಿಯಲ್ಲಿ ಎರಡು ಕಡೆ ಹಗ್ಗ ಕಟ್ಟಿ ಸ್ಟ್ರೆಚರ್ ಇಳಿಸಬೇಕಾಯಿತು. ರಾತ್ರಿ ಒಂಬತ್ತಕ್ಕೆ ತೋಟದ ರಸ್ತೆಗೆ ಬಂದರು, ಆಂಬುಲೆನ್ಸ್ ಕಾಯುತ್ತಿತ್ತು. ಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಅವನು ಈಗ ನಡೆಯುತ್ತಾನೆ.

ಸ್ನೇಹಿತರ ಮೇಲೆ ಅರಣ್ಯ ಇಲಾಖೆ ಅತಿಕ್ರಮ ಪ್ರವೇಶದ ದಂಡ ಹಾಕಿತು. ಹಾಕಬೇಕಾದದ್ದೇ. ಆದರೆ ಹುಡುಕಾಟ ನಡೆಯುತ್ತಿರುವಾಗ ದಂಡದ ಮಾತು ಎತ್ತಿದ್ದೇ ನಮಗೆ ಒಂದು ದಿನ ತಪ್ಪು ಹೇಳಿಕೆಯನ್ನು ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ. ಸಬ್‌ಇನ್‌ಸ್ಪೆಕ್ಟರ್ ಇದನ್ನು ಪೂರ್ತಿ ಒಪ್ಪುವುದಿಲ್ಲ. ಹೆದರಿಸದಿದ್ದರೂ ಅವರು ಹಾಗೆಯೇ ಹೇಳುತ್ತಿದ್ದರು ಎನ್ನುತ್ತಾರೆ. ಇರಬಹುದು. ಈಗ ನಮ್ಮಲ್ಲಿ ಜೊತೆಗಾರರನ್ನು ಮೊದಲ ಗಂಟೆಯಲ್ಲೇ, ಒಬ್ಬೊಬ್ಬರನ್ನಾಗಿ, ಸಮವಸ್ತ್ರ ಇಲ್ಲದವರು ಮಾತಾಡಿಸುತ್ತಾರೆ.

ಮೇಜಿನ ಹಾಳೆ ಬದಲಾಗಿದೆ. ಹಸಿರು ಇಲ್ಲ. ಮರಳಿದ ಪ್ರತಿ ತಂಡವೂ ಕಾಫಿ ಕುಡಿಯುವ ಮೊದಲು ಉತ್ತರಿಸಬೇಕಾದ ಪ್ರಶ್ನೆಗಳಿವೆ: ಎಲ್ಲಿಂದ ಹಿಂದಿರುಗಿದಿರಿ, ಏಕೆ, ಎಲ್ಲಿ ಕಾಲಿಡಲು ಆಗಲಿಲ್ಲ, ಪಕ್ಕದವರ ಮಾತು ಕೇಳಿಸುತ್ತಿತ್ತೇ, ಪ್ರಜ್ಞೆ ತಪ್ಪಿದವನು ಅಲ್ಲಿ ಮಲಗಿದ್ದರೆ ಹತ್ತರಲ್ಲಿ ಎಷ್ಟು ಸಲ ನಿಮಗೆ ಕಾಣುತ್ತಿದ್ದ. ಕೊನೆಯ ಪ್ರಶ್ನೆಗೆ ಮೊದಮೊದಲು ಎಲ್ಲರೂ ಒಂಬತ್ತು ಎನ್ನುತ್ತಿದ್ದರು. ಅಭ್ಯಾಸದ ದಿನ ಶೋಲಾದಲ್ಲಿ ಹತ್ತು ಗೋಣಿಚೀಲ ಅಡಗಿಸಿ ಹುಡುಕಿಸಿದ ಮೇಲೆ ಆರು, ಐದು ಎನ್ನತೊಡಗಿದ್ದಾರೆ.

ಬಗೆಹರಿಯದ್ದೂ ಇದೆ. ಕಾಡಿಗಿಳಿದ ಸ್ವಯಂಸೇವಕನ ಕಾಲು ಮುರಿದರೆ ಆಸ್ಪತ್ರೆಯ ಬಿಲ್ ಯಾರದು ಎಂಬುದಕ್ಕೆ ಸದ್ಯ ನಮ್ಮ ತಂಡದ ಉತ್ತರ, ಎಲ್ಲರೂ ಸ್ವಂತ ಹಣದಲ್ಲಿ ಅಪಘಾತ ವಿಮೆ ಮಾಡಿಸಿರಬೇಕು ಎಂಬುದಷ್ಟೇ. ಮಾಡಿಸದವರ ಹೆಸರನ್ನು ಕಾಡಿನ ಪಟ್ಟಿಗೆ ಸೇರಿಸುವುದಿಲ್ಲ. ಏಲಕ್ಕಿ ದಾರಿ ತೋರಿಸಿದ ಕಾರ್ಮಿಕರಿಗೆ ಆ ಮಂಗಳವಾರದ ಕೂಲಿ ತಪ್ಪಿತು, ಮರುದಿನ ಜ್ವರ ಬಂದು ಇನ್ನೊಂದು ದಿನದ್ದೂ ತಪ್ಪಿತು. ಸನ್ಮಾನದ ಶಾಲು ಹೊದಿಸಲು ಹಲವರು ಬಂದರು. ಕೂಲಿಯ ವಿಷಯ ಎತ್ತಿದವರು ತೋಟದ ರೈಟರ್ ಒಬ್ಬರೇ. ಎರಡು ದಿನದ್ದನ್ನು ತಂಡ ಕೊಟ್ಟಿತು. ಪೆಟ್ರೋಲ್, ಬ್ಯಾಟರಿ, ಹಗ್ಗದ ಜೊತೆಗೆ ನಮ್ಮ ಖರ್ಚಿನ ಪುಸ್ತಕದಲ್ಲಿ ಈಗ ‘ದಾರಿ ತೋರಿಸಿದವರ ಕೂಲಿ’ ಎಂಬ ಒಂದು ಪುಟವಿದೆ.